ಕುಮ್ಮಕ್ಕು ಕೊಟ್ಟವರು ಯಾರು?

ಕಾಡಾನೆ ಹಿಡಿಯಲು ಹೊರಟಾಗ ಅರಣ್ಯ ಇಲಾಖೆಯವರು ಜೊತೆಗೆ ಕರೆದೊಯ್ಯುವ ಪಳಗಿದ ಆನೆಗೆ ಕುಮ್ಕಿ ಆನೆ ಎನ್ನುತ್ತಾರೆ. ದಕ್ಷಿಣ ಕನ್ನಡದ ಕೃಷಿಕರಿಗೆ ಕುಮ್ಕಿ ಎಂದರೆ ತಮ್ಮ ವರ್ಗ (ಸ್ವಂತ ಹಕ್ಕಿನ) ಜಮೀನಿಗೆ ತಾಗಿಕೊಂಡ ಸರ್ಕಾರಿ ಜಾಗ. ತೋಟಕ್ಕೆ ಸೊಪ್ಪು, ಒಲೆಗೆ ಸೌದೆ, ಹಟ್ಟಿಗೆ ಹುಲ್ಲು ಕೊಡುವ ನೆಲ. ಎರಡರ ಬೇರೂ 'ಕುಮಕ್'. ತುರ್ಕಿ ಮೂಲದ ಈ ಪದ ಪಾರ್ಸಿಯ ದಾರಿ ಹಿಡಿದು ನಮ್ಮ ಕಡೆ ಬಂತು. ಅರ್ಥ ಇಷ್ಟೇ: ನೆರವು.

ಇದೇ ಮನೆತನದ ಕುಮ್ಮಕ್ಕು ಮಾತ್ರ ಕನ್ನಡದಲ್ಲಿ ಹೆಸರು ಕೆಡಿಸಿಕೊಂಡಿತು. ನಿಘಂಟು ತೆರೆದರೆ ಸಹಾಯ, ಬೆಂಬಲ ಎಂಬ ಅರ್ಥ ಈಗಲೂ ಇದೆ. ಬಳಕೆಯಲ್ಲಿ ಯಾರೂ ಮಗಳ ಓದಿಗೆ ಕುಮ್ಮಕ್ಕು ಕೊಡುವುದಿಲ್ಲ, ಪ್ರೋತ್ಸಾಹ ಕೊಡುತ್ತಾರೆ. ಕುಮ್ಮಕ್ಕು ಏನಿದ್ದರೂ ಗಲಭೆಗೆ, ಮರಳು ದಂಧೆಗೆ, ಭಯೋತ್ಪಾದನೆಗೆ. ಹಾಗಾಗಿ ಈ ಪದ ಬಳಸಿದವರು ಏನನ್ನೂ ರುಜುವಾತು ಮಾಡಬೇಕಿಲ್ಲ. 'ಇಂಥವರ ಕುಮ್ಮಕ್ಕು' ಎಂದ ಕೂಡಲೇ, ಅವರು ಬೆಂಬಲಿಸಿದ ಕೆಲಸ ತಪ್ಪು ಎಂಬ ತೀರ್ಪೂ ಹೊರಬಿದ್ದಾಯಿತು.

ವಿಶ್ವವಿದ್ಯಾಲಯಗಳ ಲೈಂಗಿಕ ಕಿರುಕುಳ ಪ್ರಕರಣಗಳಲ್ಲಿ ಇದು ಎದ್ದು ಕಾಣುತ್ತದೆ. 2017ರ ಸೆಪ್ಟೆಂಬರ್ 21ರ ಸಂಜೆ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಆವರಣದೊಳಗೇ, ಹಾಸ್ಟೆಲಿಗೆ ಹೊರಟಿದ್ದ ವಿದ್ಯಾರ್ಥಿನಿಯ ಮೇಲೆ ಬೈಕಿನಲ್ಲಿ ಬಂದವರು ದೌರ್ಜನ್ಯ ಎಸಗಿದರು. ಮರುದಿನ ಅವಳ ಜೊತೆಗಾತಿಯರು ಸಿಂಹದ್ವಾರದಲ್ಲಿ ಧರಣಿ ಕೂತರು. ಕೇಳಿದ್ದು ಬೀದಿದೀಪ, ಸಿಸಿಟಿವಿ, ಕಾವಲು. 23ರ ರಾತ್ರಿ ಲಾಠಿ ಬೀಸಲಾಯಿತು. ಗುರುತಿಸದ ಸುಮಾರು ಸಾವಿರ ವಿದ್ಯಾರ್ಥಿಗಳ ಮೇಲೆ ಎಫ್‌ಐಆರ್ ಬಿತ್ತು. ಪ್ರಧಾನಿಯ ವಾರಾಣಸಿ ಭೇಟಿ ನೋಡಿಕೊಂಡು ಹೊರಗಿನವರು ಮಾಡಿಸಿದ್ದು ಎಂದರು ಕುಲಪತಿ. ಟಿವಿ ಚರ್ಚೆಗಳಿಗೆ ಅದೇ ಸರಕಾಯಿತು. ಆದರೆ ವಿಭಾಗೀಯ ಆಯುಕ್ತರು ಸರ್ಕಾರಕ್ಕೆ ಕೊಟ್ಟ ವರದಿ ಬೆರಳು ತೋರಿಸಿದ್ದು ದೂರನ್ನು ಸರಿಯಾಗಿ ನಿಭಾಯಿಸದ ಆಡಳಿತದತ್ತ.

ಬೆಂಬಲಿಗರ ಬೆನ್ನು ಹತ್ತುವುದು ಮಾಧ್ಯಮಕ್ಕೆ ಸುಲಭವೂ ಹೌದು. ಕೆಲಸದ ಸ್ಥಳದಲ್ಲಿ ಮಹಿಳೆಯರಿಗೆ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ದೂರುದಾರಳ, ಆರೋಪಿಯ, ಸಾಕ್ಷಿಗಳ ಗುರುತು ಬಹಿರಂಗಪಡಿಸುವಂತಿಲ್ಲ. ಅವಳ ಪಕ್ಕ ನಿಂತ ಅಧ್ಯಾಪಕಿಗೆ, ದೂರು ಬರೆದುಕೊಟ್ಟ ಗೆಳತಿಗೆ, ಅವರು ಸಾಕ್ಷಿಗಳಲ್ಲದಿದ್ದರೆ, ಆ ರಕ್ಷಣೆ ಇಲ್ಲ. ಕ್ಯಾಮೆರಾ ಅತ್ತ ತಿರುಗುತ್ತದೆ. ಮೇಡಂ ಯಾವ ಪಕ್ಷದವರು? ಹಿಂದೆ ಫೇಸ್‌ಬುಕ್ಕಿನಲ್ಲಿ ಏನು ಗೀಚಿದ್ದರು? ಧರಣಿಯ ಊಟದ ಖರ್ಚು ಯಾರದು? ಇಷ್ಟೆಲ್ಲ ಕೇಳುವಷ್ಟರಲ್ಲಿ ಕಾರ್ಯಕ್ರಮದ ಹೊತ್ತು ಮುಗಿದಿರುತ್ತದೆ. ಕಿರುಕುಳ ಕೊಟ್ಟವನ ಸರದಿ ಬರುವುದೇ ಇಲ್ಲ. ಇದನ್ನು ನೋಡಿದ ಇನ್ನೊಬ್ಬ ಅಧ್ಯಾಪಕಿ, ಮುಂದೆ ಯಾರಾದರೂ ಹುಡುಗಿ ಅಳುತ್ತ ಬಂದರೆ, 'ಸಮಿತಿಗೆ ಹೋಗಮ್ಮ' ಎಂದಷ್ಟೇ ಹೇಳಿ ಕಳಿಸುತ್ತಾರೆ.

'ಹೊರಗಿನವರು' ಎಂಬ ಬೈಗುಳದ ಕತೆ ಇನ್ನೂ ಸೋಜಿಗದ್ದು. ಇಂಥ ದೂರುಗಳನ್ನು ವಿಚಾರಿಸುವ ಆಂತರಿಕ ಸಮಿತಿಯಲ್ಲಿ ಹೊರಗಿನ ಸದಸ್ಯರೊಬ್ಬರು ಇರಲೇಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಮೇಲಿನವರ ಒತ್ತಡ ತಪ್ಪಲಿ ಎಂದು 1997ರ ವಿಶಾಖಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟೇ ಹಾಕಿಕೊಟ್ಟ ಏರ್ಪಾಡು ಇದು. ಆ ತೀರ್ಪು ಬಂದದ್ದಾದರೂ ಹೇಗೆ? ಬಾಲ್ಯವಿವಾಹ ತಡೆಯಲು ಹೋದ ರಾಜಸ್ಥಾನದ ಭಂವರಿ ದೇವಿಯ ಮೇಲೆ 1992ರಲ್ಲಿ ಸಾಮೂಹಿಕ ಅತ್ಯಾಚಾರವಾದ ನಂತರ ರಿಟ್ ಅರ್ಜಿ ಹಾಕಿದ್ದು ವಿಶಾಖಾ ಮೊದಲಾದ ಮಹಿಳಾ ಸಂಘಟನೆಗಳು. ಇಂದಿನ ಸ್ಟುಡಿಯೋ ಭಾಷೆಯಲ್ಲಿ ಹೇಳುವುದಾದರೆ ಎಲ್ಲರೂ ಹೊರಗಿನವರೇ, ಕುಮ್ಮಕ್ಕು ಕೊಟ್ಟವರೇ.

ಹಾಗೆಂದು ಈ ಪದವನ್ನು ಸುದ್ದಿಮನೆಯಿಂದ ಓಡಿಸಬೇಕಿಲ್ಲ, ಅದಕ್ಕೆ ಅಲ್ಲಿ ಬೇಕಾದಷ್ಟು ಕೆಲಸವಿದೆ. 90 ದಿನದಲ್ಲಿ ಮುಗಿಯಬೇಕಾದ ವಿಚಾರಣೆಯನ್ನು ವರ್ಷಗಟ್ಟಲೆ ಎಳೆಯುವವರು, 'ಕಾಲೇಜಿನ ಮರ್ಯಾದೆ ನೋಡು' ಎಂದು ದೂರು ವಾಪಸ್ ತೆಗೆಸುವವರು ಕಿರುಕುಳಕ್ಕೆ ಏನು ಕೊಡುತ್ತಿದ್ದಾರೆ? ಅದನ್ನು ಕುಮ್ಮಕ್ಕು ಎಂದು ಶೀರ್ಷಿಕೆಯಲ್ಲೇ ಬರೆಯಬಹುದು.