ಖುರಾಕಿನಿಂದ ಡಬ್ಬಿಗೆ

ಕಸರತ್ತು ಮಾಡುವವನಿಗೆ ಮನೆಯ ಊಟ ಸಾಲದು ಎಂಬ ನಂಬಿಕೆ ಜಿಮ್ಮಿಗಿಂತ ಬಹಳ ಹಳೆಯದು. ನಿಜಾಮರ ಸಂಸ್ಥಾನದಲ್ಲಿ, ಹೈದರಾಬಾದಿನಿಂದ ಬೀದರ, ಕಲಬುರಗಿ, ರಾಯಚೂರಿನವರೆಗೆ, ತಾಲೀಮಿನ ಪೈಲ್ವಾನರು ಈ ಹೆಚ್ಚಿನ ಆಹಾರವನ್ನು ಖುರಾಕು ಎನ್ನುತ್ತಿದ್ದರು. ರಾತ್ರಿ ನೆನೆಹಾಕಿದ ಬಾದಾಮಿಯ ಸಿಪ್ಪೆ ಸುಲಿದು, ಗಸಗಸೆಯೊಡನೆ ಕಲ್ಲಿನ ಮೇಲೆ ನುಣ್ಣಗೆ ರುಬ್ಬಿ, ಹಾಲಿಗೆ ಕಲಸಿ ಕುಡಿಯುವುದು ಅದರ ಮುಖ್ಯ ಭಾಗ. ಜೊತೆಗೆ ತುಪ್ಪ, ನೆನೆದ ಕಡಲೆ, ಒಗ್ಗುವವರಿಗೆ ಮೊಟ್ಟೆ, ಮಾಂಸ. ಮೈಸೂರಿನ ಗರಡಿಗಳ ಪದ್ಧತಿಯೂ ಹೆಚ್ಚುಕಡಿಮೆ ಇದೇ. ಯಾರು ಎಷ್ಟು ಕುಡಿಯಬೇಕೆಂದು ಹೇಳುವವನು ಉಸ್ತಾದ. ಖರ್ಚು ಹೊರುವವರು ಅರಮನೆ ಇಲ್ಲವೇ ಊರಿನ ಸಾಹುಕಾರರು. ದಿನಕ್ಕೆ ನೂರಾರು ಬಸ್ಕಿ ಹೊಡೆಯುವವನಿಗೆ ಆ ತುಪ್ಪ ಅರಗುತ್ತಿತ್ತು. ಕುಸ್ತಿ ಬಿಟ್ಟ ಮೇಲೂ ಖುರಾಕು ಬಿಡದವನ ಹೊಟ್ಟೆ ಮುಂದೆ ಬರುತ್ತಿತ್ತು.

ಖುರಾಕು ಕೈಗೆಟುಕದವರೂ ಇದ್ದರು. ಹೈದರಾಬಾದಿನ ವಾಯವ್ಯಕ್ಕಿರುವ ಸನತ್‌ನಗರ ಕಾರ್ಖಾನೆಗಳಿಂದ ಬೆಳೆದ ಬಡಾವಣೆ. 1942ರಲ್ಲಿ ಶುರುವಾದ ಆಲ್ವಿನ್ ಇಲ್ಲಿ ಬಸ್ಸಿನ ಕವಚಗಳನ್ನೂ ಮುಂದೆ ಫ್ರಿಜ್ಜುಗಳನ್ನೂ ತಯಾರಿಸಿತು. ಪಕ್ಕದ ಬಾಲಾನಗರದಲ್ಲಿ, 1961ರಲ್ಲಿ ಹುಟ್ಟಿದ ಸರ್ಕಾರಿ ಔಷಧ ಕಂಪನಿ ಐಡಿಪಿಎಲ್‌ನ ಘಟಕ ತಲೆಯೆತ್ತಿತು. ಈ ಕಾರ್ಖಾನೆಗಳಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದ ಜನರಿಗೆ ಮೈ ಗಟ್ಟಿಯಾಗಲು ಕೆಲಸವೇ ಸಾಕಿತ್ತು. ಬಾದಾಮಿ ಅವರ ಸಂಬಳಕ್ಕೆ ನಿಲುಕುವ ಮಾತಾಗಿರಲಿಲ್ಲ.

ಇದೇ ಊರಿನ ಇನ್ನೊಂದು ತುದಿಯಲ್ಲಿ, ತಾರ್ನಾಕಾದಲ್ಲಿ, ಪ್ರೋಟೀನಿನ ಲೆಕ್ಕಾಚಾರ ನಡೆದಿತ್ತು. 1918ರಲ್ಲಿ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಬೆರಿಬೆರಿ ರೋಗದ ಶೋಧನೆಗೆಂದು ತೆರೆದ ಪುಟ್ಟ ಘಟಕ 1958ರಲ್ಲಿ ಹೈದರಾಬಾದಿಗೆ ಬಂದು, 1969ರಲ್ಲಿ ರಾಷ್ಟ್ರೀಯ ಪೋಷಣ ಸಂಸ್ಥೆ ಎಂಬ ಹೆಸರು ಪಡೆಯಿತು. ಬಡದೇಶಗಳ ಮಕ್ಕಳಿಗೆ ಪ್ರೋಟೀನೇ ಕೊರತೆ, ಅದನ್ನು ಪುಡಿಯ ರೂಪದಲ್ಲಿ ಒದಗಿಸಬೇಕು ಎಂದು ಜಗತ್ತೇ ಹೇಳುತ್ತಿದ್ದ ಕಾಲವದು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಕೂಡ ಕಡಲೆಕಾಯಿ ಹಿಂಡಿಯ ಹಿಟ್ಟಿಗೆ ಕಡಲೆಹಿಟ್ಟು ಬೆರೆಸಿ ಬಹೂಪಯೋಗಿ ಆಹಾರವನ್ನು ತಯಾರಿಸಿತ್ತು. ಹೈದರಾಬಾದಿನ ಈ ಸಂಸ್ಥೆಯಲ್ಲಿ ವಿಜ್ಞಾನಿ ಸಿ. ಗೋಪಾಲನ್ ಮತ್ತು ಸಂಗಡಿಗರು ಬೇರೆ ಮಾತು ಹೇಳಿದರು: ಮಕ್ಕಳಿಗೆ ಮೊದಲು ಸಾಲದಿರುವುದು ಅನ್ನವೇ. ಧಾನ್ಯವೂ ಬೇಳೆಯೂ ಕೂಡಿದ ಊಟ ಹೊಟ್ಟೆತುಂಬ ಸಿಕ್ಕರೆ ಪ್ರೋಟೀನೂ ಬಹುಪಾಲು ಅದರಲ್ಲೇ ಒದಗುತ್ತದೆ. ಪುಡಿಯ ಮೋಹಕ್ಕೆ ಬಿದ್ದ ಮೊದಲ ಗಂಭೀರ ಪೆಟ್ಟುಗಳಲ್ಲಿ ಇದೂ ಒಂದು.

ಜಿಮ್ಮಿನ ಪುಡಿ ಬಂದದ್ದು ಬೇರೆ ದಾರಿಯಿಂದ. ಅಮೆರಿಕದಲ್ಲಿ 1950ರ ದಶಕದಲ್ಲಿ ಬಾಬ್ ಹಾಫ್‌ಮನ್ ಸೋಯಾ ಪುಡಿಯನ್ನು ಭಾರ ಎತ್ತುವವರಿಗೆ ಮಾರಿದ. ಚೀಸ್ ಮಾಡಿದ ಮೇಲೆ ಉಳಿಯುವ ತಿಳಿನೀರನ್ನು ಡೈರಿಗಳು ಬಹುಕಾಲ ಹಂದಿಗಳಿಗೆ ಹಾಕುತ್ತಿದ್ದವು, ಇಲ್ಲವೇ ಚೆಲ್ಲುತ್ತಿದ್ದವು. 1970ರ ದಶಕದಲ್ಲಿ ಸೂಕ್ಷ್ಮ ಸೋಸುಪರೆಗಳು ಬಂದು ಅದರೊಳಗಿನ ಪ್ರೋಟೀನನ್ನು ಬೇರ್ಪಡಿಸಿದವು. ಕಸವೇ ವೇ ಪ್ರೋಟೀನ್ ಆಗಿ ಬೆಲೆ ಪಡೆಯಿತು. 1832ರಲ್ಲೇ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶೆವ್ರಲ್ ಮಾಂಸದಲ್ಲಿ ಗುರುತಿಸಿದ್ದ ಕ್ರಿಯಾಟಿನ್ ಎಂಬ ಪದಾರ್ಥವೂ 1992ರ ಬಾರ್ಸಿಲೋನಾ ಒಲಿಂಪಿಕ್ಸ್ ನಂತರ ಅಂಗಡಿಗೆ ಇಳಿಯಿತು.

ಇತ್ತ ಹೈದರಾಬಾದಿನಲ್ಲಿ ಆಲ್ವಿನ್ 1990ರ ದಶಕದಲ್ಲಿ ಮುಳುಗಿತು. 1998ರಲ್ಲಿ ಮಾದಾಪುರದಲ್ಲಿ ಸೈಬರ್ ಟವರ್ಸ್ ಎಂಬ ಐಟಿ ಕಟ್ಟಡ ತೆರೆಯಿತು. ದಿನವಿಡೀ ಕುರ್ಚಿಯಲ್ಲಿ ಕೂರುವ ಹೊಸ ಸಂಬಳದಾರರು ನಗರಕ್ಕೆ ತುಂಬಿಕೊಂಡಂತೆ ಜಿಮ್ಮುಗಳೂ ಹೆಚ್ಚಿದವು. ಉಸ್ತಾದನ ಜಾಗಕ್ಕೆ ಟ್ರೇನರ್ ಬಂದ. ಒರಳುಕಲ್ಲಿನ ಜಾಗಕ್ಕೆ ಶೇಕರ್. ಒಂದು ಸ್ಕೂಪ್, ಸುಮಾರು 30 ಗ್ರಾಂ, ತಣ್ಣೀರಿಗೆ ಹಾಕಿ ಕುಲುಕಿದರೆ ನೊರೆಯೇಳುವ ಚಾಕೊಲೇಟ್ ಬಣ್ಣದ ದ್ರವ. ಲೇಬಲ್ಲಿನ ಪ್ರಕಾರ ಅದರಲ್ಲಿ ಸಾಮಾನ್ಯವಾಗಿ 24 ಗ್ರಾಂನಷ್ಟು ಪ್ರೋಟೀನ್. ನೂರು ಗ್ರಾಂ ತೊಗರಿಬೇಳೆಯಲ್ಲಿ ಇರುವುದೂ ಹತ್ತಿರಹತ್ತಿರ ಅಷ್ಟೇ, ಆದರೆ ಅಷ್ಟು ಬೇಳೆಯನ್ನು ಒಂದೇ ಗುಟುಕಿಗೆ ಇಳಿಸುವಂತಿಲ್ಲ. ಡಬ್ಬಿಯ ನಿಜವಾದ ಆಕರ್ಷಣೆ ಈ ಅನುಕೂಲವೇ.

ಖುರಾಕಿನ ಬಾದಾಮಿ ಕಣ್ಣಿಗೆ ಕಾಣುತ್ತಿತ್ತು. ಪುಡಿಯಲ್ಲಿ ಏನಿದೆಯೆಂಬುದಕ್ಕೆ ಲೇಬಲ್ಲೇ ಸಾಕ್ಷಿ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲಿ ಇಂಥ ಪುಡಿಗಳಿಗೆ ಪ್ರತ್ಯೇಕ ನಿಯಮ ತಂದು, ಔಷಧವಾಗಿ ಬಳಸುವಂಥದ್ದಲ್ಲ ಎಂದು ಡಬ್ಬಿಯ ಮೇಲೆ ಬರೆಯಿಸಿತು. 2024ರಲ್ಲಿ ಕೇರಳದ ವೈದ್ಯರ ತಂಡವೊಂದು 36 ಪುಡಿಗಳನ್ನು ಪರೀಕ್ಷಿಸಿದಾಗ 25ರಲ್ಲಿ ಪ್ರೋಟೀನಿನ ಲೆಕ್ಕ ಲೇಬಲ್ಲಿಗೆ ಹೊಂದಲಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ತಾರ್ನಾಕಾದ ಸಂಸ್ಥೆ ತನ್ನ ಹೊಸ ಆಹಾರ ಮಾರ್ಗಸೂಚಿಯಲ್ಲಿ, ಮೈ ಬೆಳೆಸಲು ಪುಡಿ ಬೇಡವೆಂದಿತು. ದಿನಕ್ಕೆ ದೇಹದ ತೂಕದ ಕಿಲೋಗೆ ಸುಮಾರು 1.6 ಗ್ರಾಂ ದಾಟಿದ ಪ್ರೋಟೀನ್ ಕಸರತ್ತಿನ ಫಲವನ್ನು ಹೆಚ್ಚಿಸುವುದಿಲ್ಲ ಎಂದೂ ಅದು ಹೇಳಿತು. 60 ಕಿಲೋ ತೂಗುವವನಿಗೆ ಅದು 96 ಗ್ರಾಂ. ಅದೇ ತೂಕದ, ಕಸರತ್ತು ಮಾಡದವನಿಗೆ ಸಾಕೆಂದು ಹೇಳಿರುವುದು ಸುಮಾರು 50 ಗ್ರಾಂ.