ಗರಡಿಯ ಸಾಮಿನಿಂದ ‘30 ದಿನಗಳ ಬಾಡಿ’ವರೆಗೆ: ದೇಹದಾರ್ಢ್ಯ ಪುಸ್ತಕಗಳ ಮಾತು ಎಷ್ಟು ನಿಜ?

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಜಾತ್ರೆಗೆ ಹೋದವರಿಗೆ ಎರಡು ದೃಶ್ಯ ಹೊಸದಲ್ಲ. ಒಂದು, ಹಲಗೆಯ ಸದ್ದಿನ ನಡುವೆ ನಡೆಯುವ ಕುಸ್ತಿ. ಇನ್ನೊಂದು, ಸಂಗ್ರಾಣಿ ಕಲ್ಲು ಅಥವಾ ಜೋಳದ ಚೀಲ ಎತ್ತುವ ಸ್ಪರ್ಧೆ. ಈಗ ಇದೇ ಊರುಗಳಲ್ಲಿ ಜಿಮ್‌ಗಳೂ ಬಂದಿವೆ. ಅವುಗಳ ಜೊತೆಗೆ ‘ಮೂವತ್ತೇ ದಿನದಲ್ಲಿ ಸಿಕ್ಸ್ ಪ್ಯಾಕ್’, ‘ಪೈಲ್ವಾನರ ಗುಟ್ಟು’ ಎಂಬಂಥ ಮಾತುಗಳನ್ನು ಹೊತ್ತ ಕೈಪಿಡಿಗಳು ಪುಸ್ತಕದಂಗಡಿಯಲ್ಲೂ ಸಿಗುತ್ತವೆ, ಪಿಡಿಎಫ್ ಆಗಿ ಮೊಬೈಲಿನಲ್ಲೂ ಹರಿದಾಡುತ್ತವೆ.

ಇವುಗಳಲ್ಲಿ ಒಳ್ಳೆಯ ಸಲಹೆಯೂ ಇದೆ, ಅಪಾಯಕಾರಿ ಸುಳ್ಳೂ ಇದೆ. ಎರಡೂ ಒಂದೇ ಪುಟದಲ್ಲಿ, ಒಂದೇ ಧಾಟಿಯಲ್ಲಿ ಬರುವುದರಿಂದ ಹದಿನೆಂಟು-ಇಪ್ಪತ್ತರ ಹುಡುಗನಿಗೆ ಬೇರ್ಪಡಿಸುವುದು ಕಷ್ಟ. ತಪ್ಪು ಆಯ್ಕೆಗೆ ತೆರುವ ಬೆಲೆ ಬರೀ ಹಣದ್ದಲ್ಲ. ಬೆನ್ನು, ಮೂತ್ರಪಿಂಡ, ಹೃದಯ, ಮನಸ್ಸಿನ ನೆಮ್ಮದಿ ಎಲ್ಲವೂ ಅದರಲ್ಲಿ ಸೇರಿವೆ. ಹಾಗಾಗಿ ಈ ಪುಸ್ತಕಗಳ ಮಾತನ್ನು ಒಂದೊಂದಾಗಿ ತೂಗಿ ನೋಡೋಣ.

ಈ ಪುಸ್ತಕಗಳು ಬಂದದ್ದು ಎಲ್ಲಿಂದ?

ಕಸರತ್ತನ್ನು ಬರಹಕ್ಕಿಳಿಸುವುದು ನಮ್ಮಲ್ಲಿ ಹೊಸದೇನಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಮಲ್ಲರಿಗೇ ಮೀಸಲಾದ ಭಾಗವಿದೆ. ಮಲ್ಲರನ್ನು ವಯಸ್ಸು ಮತ್ತು ಬಲ ನೋಡಿ ವಿಂಗಡಿಸುವುದು, ಭಾರ ಎತ್ತುವುದು, ಈಜುವುದು, ಕಂಬದ ಮೇಲಿನ ಕಸರತ್ತು, ಕಾಳು, ಮಾಂಸ, ಹಾಲಿನ ಆಹಾರ ಎಲ್ಲವೂ ಅಲ್ಲಿ ಬರುತ್ತವೆ. ಅದಕ್ಕೂ ಮುಂಚೆ, 10ನೇ ಶತಮಾನದಲ್ಲಿ, ಭೀಮ-ದುರ್ಯೋಧನರ ಗದೆಯ ಕಾಳಗವನ್ನು ‘ಗದಾಯುದ್ಧ’ವಾಗಿ ಬರೆದ ರನ್ನ ಇದೇ ಮುಧೋಳದವನು. ಗದೆ ತಿರುವುವುದು ಇಂದಿಗೂ ಗರಡಿಯ ಸಾಮಿನ ಒಂದು ಭಾಗ.

ಮುದ್ರಿತ ಕೈಪಿಡಿಗಳ ಕಾಲ ಶುರುವಾದದ್ದು 19ನೇ ಶತಮಾನದ ಕೊನೆಗೆ. ಯೂಜೆನ್ ಸ್ಯಾಂಡೋ ಎಂಬ ಜರ್ಮನ್ ಮೂಲದ ಬಲಶಾಲಿ 1897ರಲ್ಲಿ ಬಲ ಗಳಿಸುವ ಬಗೆಯ ಪುಸ್ತಕ ಹೊರತಂದ. 1901ರಲ್ಲಿ ಲಂಡನ್ನಿನಲ್ಲಿ ಅವನು ನಡೆಸಿದ ದೇಹದಾರ್ಢ್ಯ ಸ್ಪರ್ಧೆಗೆ ಷರ್ಲಾಕ್ ಹೋಮ್ಸ್ ಕತೆಗಾರ ಆರ್ಥರ್ ಕಾನನ್ ಡಾಯ್ಲ್ ಕೂಡ ತೀರ್ಪುಗಾರನಾಗಿದ್ದ. ಸ್ಯಾಂಡೋನ ಪ್ರಭಾವ ನಮ್ಮ ನೆರೆಗೂ ಬಂತು. ಜಮಖಂಡಿ ಪಟವರ್ಧನರ, ಮುಧೋಳ ಘೋರ್ಪಡೆಯವರ ಸಂಸ್ಥಾನವಾಗಿದ್ದ ಆ ಕಾಲದಲ್ಲಿ, ಇಂದಿನ ಸಾತಾರಾ ಕಡೆಯ ಔಂಧ್ ಸಂಸ್ಥಾನದ ರಾಜ ಭವಾನರಾವ್ ಪಂತ ಪ್ರತಿನಿಧಿ ಮೊದಲು ಸ್ಯಾಂಡೋ ಪದ್ಧತಿಯ ವ್ಯಾಯಾಮ ಮಾಡುತ್ತಿದ್ದರು. ಬಳಿಕ ಸೂರ್ಯನಮಸ್ಕಾರಕ್ಕೆ ಹೊರಳಿ, ಅದರ ಬಗ್ಗೆ ಪುಸ್ತಕ ಬರೆದು ಪ್ರಚಾರ ಮಾಡಿದರು.

ಬೆಂಗಳೂರಿನಲ್ಲಿ ‘ಹರ್ಕ್ಯುಲಸ್ ಜಿಮ್ನೇಷಿಯಂ’ ನಡೆಸುತ್ತಿದ್ದ ಕೆ.ವಿ. ಅಯ್ಯರ್ 1930ರಲ್ಲಿ ‘ಮಸಲ್ ಕಲ್ಟ್’, 1936ರಲ್ಲಿ ‘ಪರ್ಫೆಕ್ಟ್ ಫಿಸೀಕ್’ ಎಂಬ ಇಂಗ್ಲಿಷ್ ಕೈಪಿಡಿಗಳನ್ನು ಬರೆದರು. ಅಂಚೆಯ ಮೂಲಕವೂ ವ್ಯಾಯಾಮ ಕಲಿಸಿದರು. ಕನ್ನಡ ಓದುಗರು ಅವರನ್ನು ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳಿಂದ ಬಲ್ಲರು. ಆಸನ, ಸೂರ್ಯನಮಸ್ಕಾರ, ಕಬ್ಬಿಣದ ಭಾರ ಮೂರನ್ನೂ ಅವರು ಒಟ್ಟಿಗೆ ತಂದರು. ಇಂದಿನ ಅನೇಕ ಕೈಪಿಡಿಗಳ ಅಚ್ಚು ಇದೇ: ಮುಖಪುಟದಲ್ಲಿ ಹುರಿಗಟ್ಟಿದ ಮೈಯ ಚಿತ್ರ, ಒಳಗೆ ದಿನಚರಿ, ಆಹಾರ, ಬ್ರಹ್ಮಚರ್ಯದ ಉಪದೇಶ.

ಚಿತ್ರ ಪುರಾವೆಯಲ್ಲ

ಇಂಥ ಪುಸ್ತಕ ನಮ್ಮನ್ನು ಒಪ್ಪಿಸುವುದು ಮಾತಿಗಿಂತ ಹೆಚ್ಚಾಗಿ ಚಿತ್ರದಿಂದ. ‘ಈ ಮೈ ನೋಡಿ, ಇದೇ ಪದ್ಧತಿಯಿಂದ ಬಂದದ್ದು’ ಎಂಬುದು ಅದರ ತರ್ಕ. ಆದರೆ ಸ್ಯಾಂಡೋ ಅಮೃತಶಿಲೆಯ ಪ್ರತಿಮೆಯಂತೆ ಕಾಣಲೆಂದು ಮೈಗೆ ಬಿಳಿ ಪುಡಿ ಬಳಿದುಕೊಂಡು ನಿಲ್ಲುತ್ತಿದ್ದ. ಇಂದು ಆ ಕೆಲಸವನ್ನು ಬೆಳಕು, ಎಣ್ಣೆ, ಫಿಲ್ಟರ್ ಮಾಡುತ್ತವೆ. ಚಿತ್ರದಲ್ಲಿರುವವನ ಹಿಂದೆ ಹತ್ತು ವರ್ಷದ ತಾಲೀಮು, ಹುಟ್ಟಿನಿಂದ ಬಂದ ಮೈಕಟ್ಟು, ಕೆಲವೊಮ್ಮೆ ಔಷಧಿಯೂ ಇರಬಹುದು. ಅದೇ ಪುಸ್ತಕ ಓದಿ ಏನೂ ಬದಲಾಗದವರ ಚಿತ್ರ ಯಾವ ಮುಖಪುಟದಲ್ಲೂ ಬರುವುದಿಲ್ಲ.

ಇವುಗಳಲ್ಲಿ ಸರಿಯಾದದ್ದು ಏನು?

ಬಹುತೇಕ ಹಳೆಯ ಕೈಪಿಡಿಗಳು ಹೇಳುವ ಒಂದು ಮಾತನ್ನು ವಿಜ್ಞಾನವೂ ಒಪ್ಪುತ್ತದೆ: ಭಾರವನ್ನು ಸ್ವಲ್ಪಸ್ವಲ್ಪವೇ ಏರಿಸಬೇಕು. ಗರಡಿಯಲ್ಲಿ ಸಣ್ಣ ಕಲ್ಲು ಎತ್ತಿ ಪಳಗಿದ ಮೇಲೆ ದೊಡ್ಡ ಕಲ್ಲಿಗೆ ಕೈ ಹಾಕುವುದು ಇದೇ ಕಾರಣಕ್ಕೆ. ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲೋರ್ಮ್ ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರ ಕಾಲಿಗೆ ಬಲ ತುಂಬಲು ಈ ಕ್ರಮವನ್ನೇ ಬಳಸಿ, 1945ರಲ್ಲಿ ಅದರ ಬಗ್ಗೆ ಬರೆದರು.

ಮೊದಲ ಕೆಲವು ವಾರಗಳಲ್ಲಿ ಬಲ ಬೇಗ ಹೆಚ್ಚುತ್ತದೆ, ಆದರೆ ಸ್ನಾಯುವಿನ ಗಾತ್ರ ಅಷ್ಟಾಗಿ ಬದಲಾಗುವುದಿಲ್ಲ. ಇರುವ ಸ್ನಾಯುವನ್ನು ಚೆನ್ನಾಗಿ ದುಡಿಸುವುದನ್ನು ಮಿದುಳು ಮತ್ತು ನರಗಳು ಕಲಿಯುತ್ತಿರುವ ಹೊತ್ತು ಅದು. ಕಣ್ಣಿಗೆ ಕಾಣುವ ಬೆಳವಣಿಗೆಗೆ ತಿಂಗಳುಗಳೇ ಬೇಕು. ಹಾಗಾಗಿ ‘30 ದಿನ’ ಎಂಬ ಮಾತು ದೇಹದ ಲೆಕ್ಕವಲ್ಲ, ಮಾರಾಟದ ಲೆಕ್ಕ.

ನಂಬಿಕೆಗಳು ಮತ್ತು ವಾಸ್ತವ

ನಂಬಿಕೆ 1: ಮೊದಲ ದಿನವೇ 500 ಬಸ್ಕಿ ಹೊಡೆದರೆ ಬೇಗ ಬಲ ಬರುತ್ತದೆ.

ಹೆಸರಾಂತ ಪೈಲ್ವಾನರು ದಿನಕ್ಕೆ ಸಾವಿರಗಟ್ಟಲೆ ಬಸ್ಕಿ ಹೊಡೆಯುತ್ತಿದ್ದರೆಂಬ ಕತೆ ಕೇಳಿ ಹುಡುಗರು ಹುರುಪಿಗೆ ಬೀಳುತ್ತಾರೆ. ಅಭ್ಯಾಸವಿಲ್ಲದ ಸ್ನಾಯುವನ್ನು ಒಮ್ಮೆಲೇ ಹೀಗೆ ದುಡಿಸಿದರೆ ಸ್ನಾಯುಕೋಶಗಳು ಒಡೆದು, ಒಳಗಿನ ಮಯೋಗ್ಲೋಬಿನ್ ಎಂಬ ವಸ್ತು ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಹಾನಿಯಾಗಬಹುದು. ಇದಕ್ಕೆ ರಾಬ್ಡೊಮಯೋಲಿಸಿಸ್ ಎನ್ನುತ್ತಾರೆ. ವ್ಯಾಯಾಮದ ಬಳಿಕ ತಡೆಯಲಾಗದ ನೋವು, ಬಾವು, ಚಹಾ ಡಿಕಾಕ್ಷನ್ ಬಣ್ಣದ ಮೂತ್ರ ಕಂಡರೆ ಮನೆಮದ್ದು ಬೇಡ. ಕೂಡಲೇ ಆಸ್ಪತ್ರೆಗೆ ಹೋಗಿ. ನೀರು ಕುಡಿಯದೆ ಬೇಸಿಗೆಯ ಬಿಸಿಲಲ್ಲಿ ಕಸರತ್ತು ಮಾಡಿದರೆ ಈ ಅಪಾಯ ಇನ್ನೂ ಹೆಚ್ಚು.

ನಂಬಿಕೆ 2: ವೀರ್ಯ ಹೋದರೆ ಬಲ ಹೋಗುತ್ತದೆ.

ಬಹಳ ಹಳೆಯ, ಬಹಳ ಕಾಡುವ ನಂಬಿಕೆ ಇದು. ಹಲವು ಹನಿ ರಕ್ತ ಸೇರಿ ಒಂದು ಹನಿ ವೀರ್ಯವಾಗುತ್ತದೆ ಎಂಬುದಕ್ಕೆ ಯಾವ ಆಧಾರವೂ ಇಲ್ಲ. ವೃಷಣ, ಪ್ರಾಸ್ಟೇಟ್ ಮತ್ತಿತರ ಗ್ರಂಥಿಗಳು ಅದನ್ನು ನಿರಂತರವಾಗಿ ತಯಾರಿಸುತ್ತಲೇ ಇರುತ್ತವೆ. ಒಮ್ಮೆಗೆ ಹೊರಹೋಗುವುದು ಸಾಮಾನ್ಯವಾಗಿ 2ರಿಂದ 5 ಮಿಲಿಲೀಟರ್. ಅದರಲ್ಲಿರುವ ಪ್ರೋಟೀನ್ ಹೆಚ್ಚೆಂದರೆ ಕಾಲು ಗ್ರಾಮಿನಷ್ಟು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಮ್ ಇರುತ್ತದೆ. ನಿದ್ದೆಯಲ್ಲಿ ಸ್ಖಲನವಾಗುವುದು ಸಹಜ, ರೋಗವಲ್ಲ.

ಆದರೆ ಈ ಭಯ ಮಾತ್ರ ನಿಜವಾದ ಹಾನಿ ಮಾಡುತ್ತದೆ. ವೀರ್ಯನಾಶದ ಚಿಂತೆಯಿಂದ ಸುಸ್ತು, ನಿದ್ರಾಹೀನತೆ, ಖಿನ್ನತೆಗೆ ಒಳಗಾಗುವ ಸ್ಥಿತಿಯನ್ನು ಮನೋವೈದ್ಯ ಎನ್.ಎನ್. ವಿಗ್ 1960ರಲ್ಲಿ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಸಿದರು. ಇಂಥ ಹುಡುಗರಿಗೆ ಬೇಕಾದದ್ದು ಗೋಡೆಬರಹದ ‘ಗುಪ್ತರೋಗ ತಜ್ಞ’ರಲ್ಲ. ನಾಚಿಕೆ ಬಿಟ್ಟು ಮಾತಾಡಬಲ್ಲ ಒಬ್ಬ ವೈದ್ಯರು ಸಾಕು.

ನಂಬಿಕೆ 3: ಹೊಟ್ಟೆಯ ವ್ಯಾಯಾಮ ಮಾಡಿದರೆ ಹೊಟ್ಟೆಯ ಬೊಜ್ಜೇ ಕರಗುತ್ತದೆ.

ಹೊಟ್ಟೆಯ ವ್ಯಾಯಾಮದಿಂದ ಅಲ್ಲಿನ ಸ್ನಾಯು ಗಟ್ಟಿಯಾಗುತ್ತದೆ. ಕೊಬ್ಬು ಕರಗುವುದು ಮಾತ್ರ ಇಡೀ ಮೈಯಿಂದ, ಅದೂ ತಿನ್ನುವುದಕ್ಕಿಂತ ಖರ್ಚು ಹೆಚ್ಚಾದಾಗ. ಯಾವ ಜಾಗದ್ದು ಮೊದಲು ಕರಗಬೇಕೆಂದು ನಾವು ಆರಿಸಲು ಬರುವುದಿಲ್ಲ.

ನಂಬಿಕೆ 4: ತಾಲೀಮು ಬಿಟ್ಟರೆ ಸ್ನಾಯು ಬೊಜ್ಜಾಗುತ್ತದೆ.

ಸ್ನಾಯು ಮತ್ತು ಕೊಬ್ಬು ಬೇರೆ ಬೇರೆ ಅಂಗಾಂಶ, ಒಂದು ಇನ್ನೊಂದಾಗುವುದಿಲ್ಲ. ತಾಲೀಮು ನಿಂತಾಗ ಸ್ನಾಯು ಇಳಿಯುತ್ತದೆ. ಪೈಲ್ವಾನನ ಊಟ ಮಾತ್ರ ಹಾಗೇ ಮುಂದುವರಿದರೆ ಬೊಜ್ಜು ಏರುತ್ತದೆ. ಎರಡೂ ಒಟ್ಟಿಗೆ ಆಗುವುದರಿಂದ ಒಂದು ಇನ್ನೊಂದಾದಂತೆ ಕಾಣುತ್ತದೆ.

ನಂಬಿಕೆ 5: ಭಾರ ಎತ್ತಿದರೆ ಹುಡುಗರ ಎತ್ತರ ನಿಲ್ಲುತ್ತದೆ.

ಬಲ್ಲವರ ಕಣ್ಗಾವಲಿನಲ್ಲಿ, ವಯಸ್ಸಿಗೆ ತಕ್ಕ ಭಾರ ಎತ್ತುವುದರಿಂದ ಎತ್ತರಕ್ಕೆ ತೊಂದರೆಯಿಲ್ಲ. ಪಂಥಕ್ಕೆ ಬಿದ್ದು ಮೀರಿದ ಭಾರ ಎತ್ತಿದರೆ ಮಾತ್ರ ಮೂಳೆಯ ಬೆಳೆಯುವ ತುದಿಗೂ ಬೆನ್ನಿಗೂ ಪೆಟ್ಟಾಗಬಹುದು. ಜಾತ್ರೆಯ ಕಲ್ಲಿಗೆ ಕೈ ಹಾಕುವ ಮುನ್ನ ನೆನಪಿಡಬೇಕಾದ ಮಾತಿದು.

ಖುರಾಕಿನ ಲೆಕ್ಕ: ಡಬ್ಬಿಯೋ, ಬುತ್ತಿಯೋ?

ಹಳೆಯ ಕೈಪಿಡಿಗಳು ಬಾದಾಮಿ ಥಂಡಾಯಿ, ತುಪ್ಪ, ಹಾಲು ಎನ್ನುತ್ತವೆ. ಹೊಸವು ಪ್ರೋಟೀನ್ ಪುಡಿಯ ಡಬ್ಬಿ ಎನ್ನುತ್ತವೆ. ಮಗ್ಗದ ಕೂಲಿಯಿಂದಲೋ ಕಬ್ಬಿನ ಗದ್ದೆಯ ದುಡಿಮೆಯಿಂದಲೋ ನಡೆಯುವ ಮನೆಗೆ ಎರಡೂ ದುಬಾರಿ. ಹಾಗಾದರೆ ನಿಜವಾಗಿ ಬೇಕಾದದ್ದು ಎಷ್ಟು?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನ ಪ್ರಕಾರ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 0.83 ಗ್ರಾಮ್ ಪ್ರೋಟೀನ್ ಸಾಕು. ಭಾರದ ವ್ಯಾಯಾಮ ಮಾಡುವವರಿಗೆ ಸುಮಾರು 1.6 ಗ್ರಾಮಿನವರೆಗೆ ಉಪಯೋಗವಿದೆ. ಅದಕ್ಕಿಂತ ಹೆಚ್ಚಿಸಿದರೆ ಸ್ನಾಯುವಿಗೆ ಆಗುವ ಲಾಭ ಅಲ್ಪ. 60 ಕಿಲೋ ತೂಕದ ಯುವಕನಿಗೆ ಇದು 50ರಿಂದ 96 ಗ್ರಾಮ್ ಆಗುತ್ತದೆ. ನಮ್ಮ ಕಡೆಯ ಊಟದಲ್ಲೇ ಹೊಂದಿಸಿ ನೋಡೋಣ (ತೂಕವೆಲ್ಲ ಬೇಯಿಸುವ ಮೊದಲಿನದು, ಅಂಕಿ ಅಂದಾಜಿನವು):

- ಜೋಳದ ಹಿಟ್ಟು 250 ಗ್ರಾಮ್: 25 ಗ್ರಾಮ್ ಪ್ರೋಟೀನ್
- ತೊಗರಿಬೇಳೆ 75 ಗ್ರಾಮ್: 16 ಗ್ರಾಮ್
- ಹೆಸರುಕಾಳು 50 ಗ್ರಾಮ್: 11 ಗ್ರಾಮ್
- ಶೇಂಗಾ 50 ಗ್ರಾಮ್: 12 ಗ್ರಾಮ್
- ಹಾಲು ಅಥವಾ ಮೊಸರು ಅರ್ಧ ಲೀಟರ್: 16 ಗ್ರಾಮ್
- ಮೊಟ್ಟೆ 3: 18 ಗ್ರಾಮ್

ಒಟ್ಟು 98 ಗ್ರಾಮ್. ಮೊಟ್ಟೆ ತಿನ್ನದವರು ಕಾಳು, ಮೊಸರು, ಪನೀರ್ ಹೆಚ್ಚಿಸಿಕೊಳ್ಳಬಹುದು. ಜೋಳದಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ಕಡಿಮೆ, ಬೇಳೆಕಾಳಿನಲ್ಲಿ ಅದು ಧಾರಾಳ. ರೊಟ್ಟಿಗೆ ಕಾಳುಪಲ್ಯ ನಂಚಿಕೊಳ್ಳುವ ನಮ್ಮ ರೂಢಿ ಒಂದರ ಕೊರತೆಯನ್ನು ಇನ್ನೊಂದರಿಂದ ತುಂಬುತ್ತದೆ.

ಅದೇ ಸಂಸ್ಥೆಗಳು 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ, ಮೈ ಬೆಳೆಸಲೆಂದು ಪ್ರೋಟೀನ್ ಪುಡಿ ಬಳಸುವುದನ್ನು ತಪ್ಪಿಸಿ ಎಂದೇ ಹೇಳುತ್ತದೆ. ಪುಡಿ ವಿಷವೇನಲ್ಲ, ಅನಿವಾರ್ಯವೂ ಅಲ್ಲ. ಕೊಳ್ಳುವುದೇ ಆದರೆ ಡಬ್ಬಿಯ ಮೇಲೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಸಂಖ್ಯೆ ಇದೆಯೇ ನೋಡಿ. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ಪುಸ್ತಕ ಹೇಳದ ಮಾತು: ಸ್ಟೆರಾಯ್ಡ್

ಕೈಪಿಡಿಯ ಚಿತ್ರದಂತೆ ಮೈ ಬರದಿದ್ದಾಗ ಯಾರಾದರೂ ಬಂದು ‘ಒಂದು ಕೋರ್ಸ್ ತಗೋ, ಎರಡು ತಿಂಗಳಲ್ಲಿ ನೋಡು’ ಎನ್ನಬಹುದು. ಆ ‘ಕೋರ್ಸ್’ ಎಂದರೆ ಹೆಚ್ಚಾಗಿ ಅನಬಾಲಿಕ್ ಸ್ಟೆರಾಯ್ಡ್, ಅಂದರೆ ಪುರುಷ ಹಾರ್ಮೋನ್ ಟೆಸ್ಟೋಸ್ಟೆರೋನ್ ಅಥವಾ ಅದರ ರೂಪಾಂತರ. ಇದರಿಂದ ಸ್ನಾಯು ಬೆಳೆಯುವುದು ನಿಜ, ಅದಕ್ಕೇ ಮರುಳಾಗುವುದು ಸುಲಭ. ಆದರೆ ಹೊರಗಿನಿಂದ ಹಾರ್ಮೋನ್ ಬಂದಾಗ ದೇಹ ತನ್ನದನ್ನು ತಯಾರಿಸುವುದು ನಿಲ್ಲಿಸುತ್ತದೆ. ವೃಷಣ ಕುಗ್ಗುತ್ತದೆ, ವೀರ್ಯಾಣು ಇಳಿದು ಮಕ್ಕಳಾಗುವುದು ಕಷ್ಟವಾಗಬಹುದು, ಎದೆ ಹೆಂಗಸರಂತೆ ಉಬ್ಬಬಹುದು. ಕೊಲೆಸ್ಟರಾಲ್ ಮತ್ತು ರಕ್ತದೊತ್ತಡ ಕೆಟ್ಟು ಹೃದಯಕ್ಕೆ ಪೆಟ್ಟು ಬೀಳುತ್ತದೆ. ಗುಳಿಗೆ ರೂಪದವು ಯಕೃತ್ತಿಗೆ ಹಾನಿ ಮಾಡುತ್ತವೆ. ಸೂಜಿ ಹಂಚಿಕೊಂಡರೆ ಹೆಪಟೈಟಿಸ್, ಎಚ್‌ಐವಿ ಅಪಾಯವೂ ಸೇರುತ್ತದೆ.

ವೀರ್ಯ ಉಳಿಸಿಕೊಂಡರೆ ಬಲ ಎಂದು ನಂಬಿ ಕಸರತ್ತು ಶುರುಮಾಡಿದವನು ಕೊನೆಗೆ ವೀರ್ಯಾಣುವನ್ನೇ ಕಳೆಯುವ ಔಷಧಿಗೆ ಕೈಚಾಚುವಂತಾಗುತ್ತದೆ. ಈಗಾಗಲೇ ತೆಗೆದುಕೊಳ್ಳುತ್ತಿರುವವರು ಹೆದರಿ ಮುಚ್ಚಿಡಬೇಡಿ. ವೈದ್ಯರಿಗೆ ಇದ್ದದ್ದನ್ನು ಇದ್ದಂತೆ ಹೇಳಿ, ರಕ್ತಪರೀಕ್ಷೆ ಮಾಡಿಸಿ, ಅವರ ಸಲಹೆಯಂತೆ ಬಿಡಿಸಿಕೊಳ್ಳಿ.

ಪುಸ್ತಕ ಕೊಳ್ಳುವ ಮುನ್ನ

ಒಂದು ಕೈಪಿಡಿ ನಂಬಲರ್ಹವೇ ಎಂದು ತಿಳಿಯಲು ಐದು ಪ್ರಶ್ನೆ ಕೇಳಿ:

1. ಇಷ್ಟೇ ದಿನದಲ್ಲಿ ಗ್ಯಾರಂಟಿ ಎನ್ನುತ್ತದೆಯೇ? ಎಂದರೆ ಕೆಳಗಿಡಿ.
2. ಹೊಸಬರಿಗೂ ಪಳಗಿದವರಿಗೂ ಬೇರೆ ಬೇರೆ ಕ್ರಮ ಕೊಟ್ಟಿದೆಯೇ?
3. ವಿಶ್ರಾಂತಿಯ ದಿನ, ಏಳೆಂಟು ತಾಸಿನ ನಿದ್ದೆಯ ಮಾತು ಇದೆಯೇ? ಸ್ನಾಯು ಬೆಳೆಯುವುದು ತಾಲೀಮಿನ ನಂತರದ ಬಿಡುವಿನಲ್ಲಿ.
4. ಯಾರು ಮಾಡಬಾರದು, ಯಾವಾಗ ನಿಲ್ಲಿಸಬೇಕು ಎಂದು ಹೇಳುತ್ತದೆಯೇ?
5. ಕೊನೆಯ ಪುಟದಲ್ಲಿ ಯಾವುದಾದರೂ ಪುಡಿ, ಲೇಹ್ಯ ಮಾರುತ್ತದೆಯೇ? ಮಾರುತ್ತಿದ್ದರೆ ಇಡೀ ಪುಸ್ತಕವೇ ಅದರ ಜಾಹೀರಾತು.

ವಯಸ್ಕರು ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಅದಕ್ಕೆ ಜಿಮ್ಮೇ ಬೇಕೆಂದಿಲ್ಲ. ದಂಡ, ಬಸ್ಕಿ, ಗದೆ, ಮಲ್ಲಕಂಬ ಎಲ್ಲವೂ ಆ ಲೆಕ್ಕಕ್ಕೆ ಬರುತ್ತವೆ. ಜೊತೆಗೆ ಗರಡಿಯಲ್ಲಿ ಪುಸ್ತಕ ಕೊಡಲಾರದ ಒಂದು ಅನುಕೂಲವಿದೆ: ಬೆನ್ನು ಬಾಗಿದಾಗ ‘ಸಾಕು, ಕೆಳಗಿಡು’ ಎನ್ನುವ ಉಸ್ತಾದರು ಎದುರಿಗೇ ನಿಂತಿರುತ್ತಾರೆ. ಪುಸ್ತಕ ಓದಿ, ಆದರೆ ಮೊದಲ ಭಾರವನ್ನು ಬಲ್ಲವರೊಬ್ಬರ ಕಣ್ಣೆದುರೇ ಎತ್ತಿ.