ವಿದ್ಯುತ್ ಸೋರಿಕೆ (ವಾಹನಗಳು)

ವಾಹನವು ನಿಂತಿದ್ದು ಇಗ್ನಿಷನ್ ಕೀಲಿಯನ್ನು ತೆಗೆದಿರುವಾಗಲೂ ಬ್ಯಾಟರಿಯಿಂದ ಅಗತ್ಯಕ್ಕಿಂತ ಹೆಚ್ಚು ವಿದ್ಯುತ್ತು ಹರಿದುಹೋಗುವುದನ್ನು ವಿದ್ಯುತ್ ಸೋರಿಕೆ ಎನ್ನುತ್ತಾರೆ. ರಾತ್ರಿ ನಿಲ್ಲಿಸಿದ ಕಾರು ಬೆಳಗ್ಗೆ ಚಾಲೂ ಆಗದಿರುವುದು ಇದರ ಸಾಮಾನ್ಯ ಲಕ್ಷಣ. ಆಡುಮಾತಿನಲ್ಲಿ ‘ಬ್ಯಾಟರಿ ಇಳಿಯಿತು’, ‘ಬ್ಯಾಟರಿ ಡೌನ್ ಆಯಿತು’ ಎನ್ನುವುದುಂಟು. ಆದರೆ ಈ ಮಾತು ಪರಿಣಾಮವನ್ನು ಸೂಚಿಸುತ್ತದೆಯೇ ಹೊರತು ಕಾರಣವನ್ನಲ್ಲ. ಬ್ಯಾಟರಿ ಸವೆದಿರುವುದು, ಅದು ಸರಿಯಾಗಿ ಚಾರ್ಜ್ ಆಗದಿರುವುದು, ವಿದ್ಯುತ್ತು ಸೋರುವುದು ಈ ಮೂರೂ ಹೊರನೋಟಕ್ಕೆ ಒಂದೇ ರೀತಿ ಕಾಣುತ್ತವೆ. ಹೀಗಾಗಿ ದೋಷ ಬೇರೆಡೆ ಇದ್ದರೂ ಮೊದಲು ಹೊಸ ಬ್ಯಾಟರಿ ಕೊಳ್ಳುವ ವಾಡಿಕೆಯಿದೆ. ಸೋರಿಕೆ ಉಳಿದುಕೊಂಡರೆ ಹೊಸ ಬ್ಯಾಟರಿಗೂ ಅದೇ ಗತಿ.

ಸೋರಿಕೆಯ ಪ್ರಮಾಣ

ಎಲೆಕ್ಟ್ರಾನಿಕ್ ನಿಯಂತ್ರಣಗಳಿರುವ ಕಾರು ನಿಂತಿರುವಾಗಲೂ ಗಡಿಯಾರ, ರೇಡಿಯೊದ ಸ್ಮೃತಿ, ಕಳ್ಳತನ ತಡೆಯುವ ಸಾಧನ ಮೊದಲಾದವುಗಳಿಗಾಗಿ ಸಾಮಾನ್ಯವಾಗಿ 20ರಿಂದ 50 ಮಿಲಿಆಂಪಿಯರ್ ವಿದ್ಯುತ್ತನ್ನು ಬಳಸುತ್ತದೆ. ಅಂಥ ಉಪಕರಣಗಳಿಲ್ಲದ ಹಳೆಯ ಕಾರಿನಲ್ಲಿ ಈ ಸಂಖ್ಯೆ ಸೊನ್ನೆಗೆ ಹತ್ತಿರವಿರಬೇಕು. 50 ಮಿಲಿಆಂಪಿಯರ್ ಬಳಕೆಯಿಂದ ದಿನಕ್ಕೆ 1.2 ಆಂಪಿಯರ್-ಗಂಟೆಯಷ್ಟು ಮಾತ್ರ ಖರ್ಚಾಗುತ್ತದೆ. ಡಿಕ್ಕಿಯಲ್ಲಿ ಆರದೆ ಉಳಿದ 5 ವ್ಯಾಟ್‌ನ ಒಂದು ಪುಟ್ಟ ದೀಪವಾದರೋ ದಿನಕ್ಕೆ ಸುಮಾರು 10 ಆಂಪಿಯರ್-ಗಂಟೆಯನ್ನು ಕಬಳಿಸುತ್ತದೆ. 35 ಆಂಪಿಯರ್-ಗಂಟೆ ಸಾಮರ್ಥ್ಯದ ಬ್ಯಾಟರಿಯನ್ನು ಬರಿದುಮಾಡಲು ಅದಕ್ಕೆ ಮೂರೂವರೆ ದಿನ ಸಾಕು. ಎಂಜಿನ್ ತಿರುಗಿಸುವ ಶಕ್ತಿ ಅದಕ್ಕೂ ಮೊದಲೇ ಕುಂದಿರುತ್ತದೆ.

ಮೊದಲ ಪರೀಕ್ಷೆಗಳು

ಸೋರಿಕೆಯನ್ನು ಹುಡುಕುವ ಮುನ್ನ ಉಳಿದೆರಡು ಕಾರಣಗಳನ್ನು ತಳ್ಳಿಹಾಕಬೇಕು. ಪೂರ್ಣ ಚಾರ್ಜ್ ಆದ 12 ವೋಲ್ಟ್‌ನ ಸೀಸ-ಆಮ್ಲ ಬ್ಯಾಟರಿಯು ಕೆಲವು ಗಂಟೆಗಳ ವಿಶ್ರಾಂತಿಯ ನಂತರ ಸುಮಾರು 12.6 ವೋಲ್ಟ್ ತೋರಿಸುತ್ತದೆ, 12.2 ಎಂದರೆ ಸರಿಸುಮಾರು ಅರ್ಧ ಖಾಲಿ ಎಂದರ್ಥ. ಬ್ಯಾಟರಿಯನ್ನು ವಾಹನದಿಂದ ಬಿಚ್ಚಿ ಒಂದು ರಾತ್ರಿ ಇಟ್ಟಾಗಲೂ ವೋಲ್ಟೇಜ್ ಗಣನೀಯವಾಗಿ ಇಳಿದರೆ ದೋಷ ಬ್ಯಾಟರಿಯಲ್ಲೇ ಇದೆ. ಮುಚ್ಚಳ ತೆರೆಯಬಹುದಾದ ಬ್ಯಾಟರಿಗಳಲ್ಲಿ ಹೈಡ್ರೋಮೀಟರ್ ಬಳಸಿ ಆರೂ ಕೋಶಗಳ ದ್ರವದ ಸಾಪೇಕ್ಷ ಸಾಂದ್ರತೆಯನ್ನು ಅಳೆಯಬಹುದು. ಒಂದು ಕೋಶದ ಅಳತೆ ಉಳಿದವಕ್ಕಿಂತ 0.050ರಷ್ಟು ಕಡಿಮೆ ಇದ್ದರೆ ಆ ಕೋಶ ಕೆಟ್ಟಿರುವ ಸಾಧ್ಯತೆ ಹೆಚ್ಚು. ಆಲ್ಟರ್ನೇಟರ್ ಇರುವ ವಾಹನದಲ್ಲಿ ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ತುದಿಗಳ ನಡುವೆ ಸಾಮಾನ್ಯವಾಗಿ 13.8ರಿಂದ 14.4 ವೋಲ್ಟ್ ದೊರೆಯಬೇಕು. ದೊರೆಯದಿದ್ದರೆ ಬೆಲ್ಟ್, ಆಲ್ಟರ್ನೇಟರ್, ತಂತಿಯ ಜೋಡಣೆಗಳನ್ನು ಪರಿಶೀಲಿಸಬೇಕು. ಎಂಜಿನ್ನಿಗೂ ಕಾರಿನ ಕವಚಕ್ಕೂ ನಡುವಣ ಅರ್ತ್ ಪಟ್ಟಿ ತುಕ್ಕು ಹಿಡಿದಿದ್ದರೂ ಇದೇ ತೊಂದರೆ ಕಾಣಿಸಿಕೊಳ್ಳುತ್ತದೆ. ಅಗ್ಗದ ಈ ಪಟ್ಟಿಯನ್ನು ನೋಡದೆಯೇ ದುಬಾರಿ ಭಾಗಗಳನ್ನು ಬದಲಿಸುವುದು ಅಪರೂಪವಲ್ಲ.

ಸೋರಿಕೆಯ ಪತ್ತೆ

ಬ್ಯಾಟರಿಯ ಋಣ ತುದಿಯ ಕೇಬಲನ್ನು ಬಿಚ್ಚಿ, ಆ ತುದಿಗೂ ಕೇಬಲಿಗೂ ನಡುವೆ ಮಲ್ಟಿಮೀಟರನ್ನು 10 ಆಂಪಿಯರ್ ಅಳತೆಯಲ್ಲಿ ಸರಣಿಯಾಗಿ ಜೋಡಿಸುವುದು ರೂಢಿಯ ಕ್ರಮ. ಅದಕ್ಕೂ ಮೊದಲು ಅದೇ ಜಾಗದಲ್ಲಿ 12 ವೋಲ್ಟ್‌ನ ಒಂದು ಬಲ್ಬನ್ನು ಇಟ್ಟು ನೋಡುವುದು ಜಾಣತನ. ಅದು ಪ್ರಖರವಾಗಿ ಉರಿದರೆ ಸೋರಿಕೆ ದೊಡ್ಡದೆಂದು ತಿಳಿಯುತ್ತದೆ, ಮೀಟರಿನ ಫ್ಯೂಸೂ ಉಳಿಯುತ್ತದೆ. ಮೀಟರ್ ಜೋಡಿಸಿರುವಾಗ ಸ್ಟಾರ್ಟರ್ ತಿರುಗಿಸಕೂಡದು. ಬಾಗಿಲು ತೆರೆದಿದ್ದರೆ ಒಳದೀಪ ಉರಿದು ಅಳತೆ ತಪ್ಪುವುದರಿಂದ ಬಾಗಿಲಿನ ಸ್ವಿಚ್ಚನ್ನು ಒತ್ತಿಹಿಡಿದಂತೆ ಕಟ್ಟಿಡಬೇಕು. ಎಲೆಕ್ಟ್ರಾನಿಕ್ ಸಾಧನಗಳಿರುವ ಕಾರಿನಲ್ಲಿ ಅವು ನಿದ್ರಾವಸ್ಥೆಗೆ ಹೋಗಲು ಅರ್ಧ ಗಂಟೆಯಾದರೂ ಕಾಯುವುದು ಉಚಿತ.

ಬಳಿಕ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ನೋಡಲಾಗುತ್ತದೆ. ಯಾವ ಫ್ಯೂಸ್ ತೆಗೆದಾಗ ಪ್ರವಾಹ ಇಳಿಯುವುದೋ ಆ ಮಂಡಲದಲ್ಲಿ ದೋಷವಿದೆ. ಕೈಪೆಟ್ಟಿಗೆಯ ದೀಪ, ಅಂಟಿಕೊಂಡ ರಿಲೇ, ಬ್ರೇಕ್ ದೀಪದ ಸ್ವಿಚ್, ಇಲಿ ಕಡಿದ ತಂತಿ, ನೀರು ಹೊಕ್ಕ ಕನೆಕ್ಟರ್ ಇವು ಮತ್ತೆ ಮತ್ತೆ ಸಿಗುವ ಅಪರಾಧಿಗಳು. ಆದರೂ ಮೊದಲ ಸಂಶಯ ಸಲ್ಲಬೇಕಾದುದು ಕಾರು ಕಾರ್ಖಾನೆಯಿಂದ ಹೊರಬಂದ ಮೇಲೆ ಸೇರಿಸಿದ ಹಾರ್ನ್, ಸ್ಟೀರಿಯೊ, ಫಾಗ್ ಲ್ಯಾಂಪುಗಳಿಗೆ.

ಡೈನಮೊ ಕಾಲದ ಕಾರುಗಳು

ಫ್ಯೂಸ್ ಕೀಳುವ ವಿಧಾನಕ್ಕೆ ಹಳೆಯ ಕಾರುಗಳಲ್ಲಿ ಒಂದು ಮಿತಿಯಿದೆ. 1950 ಮತ್ತು 1960ರ ದಶಕಗಳ ಅನೇಕ ಬ್ರಿಟಿಷ್ ವಿನ್ಯಾಸದ ಕಾರುಗಳಲ್ಲಿ ಎರಡೇ ಫ್ಯೂಸುಗಳಿದ್ದು, ಹೆಡ್‌ಲೈಟ್‌ನಂಥ ಮುಖ್ಯ ಮಂಡಲಗಳಿಗೆ ಫ್ಯೂಸ್ ಇರುತ್ತಿರಲಿಲ್ಲ. ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯಿಂದ ರೂಪುಗೊಂಡ ಹಿಂದೂಸ್ತಾನ್ ಅಂಬಾಸಿಡರ್ ಇದೇ ಪರಂಪರೆಗೆ ಸೇರಿದ್ದು. ಇಂಥ ಕಾರುಗಳಲ್ಲಿ ತಂತಿಗಳನ್ನೇ ಒಂದೊಂದಾಗಿ ಬಿಚ್ಚಿ ನೋಡಬೇಕಾಗುತ್ತದೆ.

ಇವುಗಳಲ್ಲಿ ವಿಶೇಷವಾಗಿ ನೋಡಬೇಕಾದುದು ಕಟ್-ಔಟ್ ರಿಲೇ. ಎಂಜಿನ್ ನಿಧಾನವಾದಾಗ ಡೈನಮೊದ ವೋಲ್ಟೇಜ್ ಬ್ಯಾಟರಿಗಿಂತ ಕೆಳಗಿಳಿಯುತ್ತದೆ. ಆಗ ಕಟ್-ಔಟ್ ತೆರೆದುಕೊಂಡು ಇವೆರಡನ್ನೂ ಬೇರ್ಪಡಿಸಬೇಕು. ಅದರ ಸ್ಪರ್ಶಬಿಂದುಗಳು ಸುಟ್ಟು ಬೆಸೆದುಕೊಂಡರೆ ಬ್ಯಾಟರಿಯ ವಿದ್ಯುತ್ತು ಡೈನಮೊದ ಮೂಲಕ ಹಿಮ್ಮುಖವಾಗಿ ಹರಿಯುತ್ತದೆ. ಈ ಪ್ರವಾಹ ಬಲು ದೊಡ್ಡದು; ಬ್ಯಾಟರಿ ಬರಿದಾಗುವುದಷ್ಟೇ ಅಲ್ಲದೆ ತಂತಿಗಳು ಕಾದು ಬೆಂಕಿ ಹೊತ್ತಿಕೊಳ್ಳುವ ಅಪಾಯವೂ ಇದೆ. ಡೈನಮೊದ ದಪ್ಪ ತಂತಿಯನ್ನು ಬಿಚ್ಚಿದೊಡನೆ ಸೋರಿಕೆ ನಿಂತರೆ ಕಟ್-ಔಟನ್ನು ಶಂಕಿಸಬೇಕು. ಆಲ್ಟರ್ನೇಟರಿನಲ್ಲಿ ಈ ಕಾವಲಿನ ಕೆಲಸವನ್ನು ಡಯೋಡುಗಳು ಮಾಡುತ್ತವೆ. ಅವು ಕೆಟ್ಟಾಗಲೂ ಹೀಗೆಯೇ ಸೋರಿಕೆಯಾಗುತ್ತದೆ.

ಎಚ್ಚರಿಕೆ ಮತ್ತು ದುರಸ್ತಿ

ಬ್ಯಾಟರಿ ಬಿಚ್ಚುವಾಗ ಋಣ ತುದಿಯನ್ನು ಮೊದಲು ತೆಗೆಯಬೇಕೆಂಬ ಮಾತು ಪ್ರಚಲಿತದಲ್ಲಿದೆ. ಆದರೆ ಹಳೆಯ ಬ್ರಿಟಿಷ್ ಕಾರುಗಳಲ್ಲಿ ಅನೇಕವು ಧನ ತುದಿಯನ್ನೇ ಕವಚಕ್ಕೆ ಜೋಡಿಸಿದಂಥವು. ಆದ್ದರಿಂದ ಕವಚಕ್ಕೆ ಜೋಡಿಸಿರುವ ತುದಿಯನ್ನು ಮೊದಲು ಬಿಚ್ಚಿ ಕೊನೆಗೆ ಜೋಡಿಸಬೇಕು ಎಂಬುದೇ ಸರಿಯಾದ ನಿಯಮ; ಮೀಟರನ್ನು ಇಡಬೇಕಾದುದೂ ಆ ಕಡೆಯಲ್ಲೇ. ಚಾರ್ಜ್ ಆಗುವ ಬ್ಯಾಟರಿಯಿಂದ ಜಲಜನಕ ಹೊರಬರುವುದರಿಂದ ಕಿಡಿ, ಬೀಡಿ, ಸಿಗರೇಟು ಹತ್ತಿರ ಸುಳಿಯಬಾರದು. ಉಂಗುರ, ಬಳೆ, ಲೋಹದ ಪಟ್ಟಿಯ ಕೈಗಡಿಯಾರಗಳನ್ನು ತೆಗೆದಿಡಬೇಕು.

ದೋಷವನ್ನು ಸರಿಪಡಿಸಿದ ನಂತರ ಪ್ರವಾಹವನ್ನು ಮತ್ತೊಮ್ಮೆ ಅಳೆಯುವುದು ಅವಶ್ಯ, ಏಕೆಂದರೆ ಒಂದೇ ವಾಹನದಲ್ಲಿ ಎರಡು ಸೋರಿಕೆಗಳು ಇರಬಹುದು. ಬಹುಕಾಲ ಬರಿದಾಗಿ ಬಿದ್ದಿದ್ದ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂರುವುದರಿಂದ, ಸೋರಿಕೆ ನಿಂತರೂ ಅದರ ಹಿಂದಿನ ಸಾಮರ್ಥ್ಯ ಪೂರ್ತಿಯಾಗಿ ಮರಳದಿರಬಹುದು.